ಕಡಲುಗಳ್ಳ ತಿಮ್ಮ ಮತ್ತು ಮಾವಿನ ಕೊಂಬೆ

ನಮ್ಮ ಮನೆಯಲ್ಲಿ ಕಡಲಿಗೆ ಹೋಗದ ಗಂಡಸು ನಾನೊಬ್ಬನೇ. ಅಜ್ಜ ಹಾಯಿ ಹಡಗು ನಡೆಸುವ ತಾಂಡೇಲರಾಗಿದ್ದವರು. ಮಂಗಳೂರು ಹಂಚು ತುಂಬಿಕೊಂಡು ಮುಂಬೈ ತನಕ ಹೋಗಿ ಬಂದವರು. ಚಿಕ್ಕಪ್ಪನಿಗೆ ಸ್ವಂತ ದೋಣಿ ಇದೆ. ನನಗೆ ವಾಂತಿ ಬರುತ್ತದೆ, ಅದೂ ಅಳಿವೆ ದಾಟುವ ಮೊದಲೇ.

ಹಾಗಾಗಿ ಕಡಲಿನ ಕಥೆ ಬರೆಯೋಣ ಅಂದುಕೊಂಡೆ. ಕಾಗದ ಅಲ್ಲಾಡುವುದಿಲ್ಲ, ಅಲ್ವಾ? ನನ್ನ ನಾಯಕ ತಿಮ್ಮ, 19 ವರ್ಷದ ಕಡಲುಗಳ್ಳ, ಊರು ಹೊನ್ನಾವರ. ಪೂರಾ ಸುಳ್ಳೇನೂ ಅಲ್ಲ. ಐನೂರು ವರ್ಷದ ಹಿಂದೆ ಹೊನ್ನಾವರದಲ್ಲಿ ತಿಮ್ಮೋಜ ಅಂತ ಒಬ್ಬನಿದ್ದ. ಪೋರ್ಚುಗೀಸರು ಅವನನ್ನು ಕಡಲುಗಳ್ಳ ಎಂದು ಬರೆದಿಟ್ಟರು. 1510ರಲ್ಲಿ ಗೋವಾ ಹಿಡಿಯಲು ಅವನದೇ ಸಹಾಯ ಪಡೆದರು! ಗರಜು ಬಿದ್ದರೆ ಕಳ್ಳನೂ ನೆಂಟ.

ಆಗ ಮಳೆಗಾಲ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮನೆ ತುಂಬ ಕೆಲಸವಿಲ್ಲದ ಗಂಡಸರು. ಅಜ್ಜ ಜಗಲಿಯಲ್ಲಿ ಕಾಲು ಚಾಚಿ, ಕಾಲಿನ ಹೆಬ್ಬೆರಳಿಗೆ ಬಲೆಯ ಅಂಚು ಸಿಕ್ಕಿಸಿ, ಹರಿದ ಕಣ್ಣು ಹೆಣೆಯುತ್ತಿದ್ದರು. ಓದಿ ಹೇಳಿದೆ.

‘19 ವರ್ಷ ಅಂದ್ಯಾ?’ ಅಂದರು. ‘ಹಾಗಾದ್ರೆ ಅವ ಭಂಡಾರಿ.’

‘ಭಂಡಾರಿ ಅಂದ್ರೆ ಖಜಾನೆ ನೋಡ್ಕೊಳ್ಳೋನಾ ಅಜ್ಜ?’

‘ಅಡುಗೆ ಮಾಡೋನು. ಹಡಗಲ್ಲಿ ಎಲ್ರಿಗಿಂತ ಸಣ್ಣವ ಗಂಜಿ ಬೇಯಿಸ್ಬೇಕು. ನಾನೂ ಅಲ್ಲಿಂದ್ಲೇ ಶುರು ಮಾಡಿದ್ದು.’

ಒಂದೇ ಮಾತಿಗೆ ನನ್ನ ಕಡಲುಗಳ್ಳ ಸೌಟು ಹಿಡಿದು ನಿಂತ. ಕತ್ತಿ ಹೋಯಿತು. ಅಷ್ಟರಲ್ಲಿ ಅಮ್ಮ ಒಳಗಿನಿಂದಲೇ, ‘ಕುಡಿಯೋ ನೀರು ಎಷ್ಟು ದಿನಕ್ಕೆ ಇಟ್ಕೊಂಡಿದ್ದಾನೆ ಕೇಳು’ ಅಂದರು. ಚಿಕ್ಕಪ್ಪನಿಗೆ ಡೀಸೆಲ್ ಚಿಂತೆ. ಹಾಯಿ ಹಡಗು ಅಂದರೂ ಕೇಳಲಿಲ್ಲ.

ಬರೆದು ಪ್ರಯೋಜನ ಇಲ್ಲ, ವಿಡಿಯೋ ಮಾಡೋಣ ಅಂತ ಚಿಕ್ಕಪ್ಪನ ಮಕ್ಕಳಿಬ್ಬರನ್ನು ಕಟ್ಟಿಕೊಂಡೆ. ದೃಶ್ಯ ಸಿದ್ಧವಾಗಿತ್ತು. 1498ರಲ್ಲಿ ವಾಸ್ಕೋ ಡ ಗಾಮಾ ಕಾರವಾರದ ಹತ್ತಿರ ಅಂಜದೀವ್ ದ್ವೀಪದಲ್ಲಿದ್ದಾಗ ತಿಮ್ಮೋಜ ಒಂದು ಉಪಾಯ ಮಾಡಿದನಂತೆ. ಎಂಟು ಹಡಗುಗಳನ್ನು ಒಂದಕ್ಕೊಂದು ಜೋಡಿಸಿ, ಮೇಲೆಲ್ಲ ಮರದ ಕೊಂಬೆ ಮುಚ್ಚಿ, ತೇಲುವ ದ್ವೀಪದ ಹಾಗೆ ಹೊರಟ. ಗಾಮಾನ ಕಡೆಯವರಿಗೆ ಅನುಮಾನ ಬಂತು. ಫಿರಂಗಿ ಹಾರಿಸಿದರು. ದ್ವೀಪ ಚೆಲ್ಲಾಪಿಲ್ಲಿಯಾಗಿ ಓಡಿಹೋಯಿತು. ಪೋರ್ಚುಗೀಸರ ಕಡೆಯ ಬರಹಗಳಲ್ಲಿ ಸಿಗುವ ಕಥೆ ಇದು.

ನಮಗೆ ಎಂಟು ಹಡಗು ಎಲ್ಲಿಂದ ಬರಬೇಕು? ಚಿಕ್ಕಪ್ಪ ಪಾತಿ ಅನ್ನುವ ಒಂದು ಸಣ್ಣ ದೋಣಿ ಕೊಟ್ಟರು. ಅದನ್ನೂ ಬಿಚ್ಚಬಾರದು, ತೆಂಗಿನ ಮರಕ್ಕೆ ಕಟ್ಟಿಯೇ ಇರಬೇಕು. ಆಗಲಿ ಅಂತ ಹಿತ್ತಲಿನ ಮಾವಿನ ಮರದಿಂದ ದೊಡ್ಡ ದೊಡ್ಡ ಕೊಂಬೆ ಕಡಿದು ದೋಣಿ ತುಂಬಿದೆವು. ನಾನು ತಲೆಗೆ ಅಮ್ಮನ ಕೆಂಪು ಟವೆಲ್ ಸುತ್ತಿ, ಎಡಗಣ್ಣಿಗೆ ಕಪ್ಪು ಬಟ್ಟೆ ಕಟ್ಟಿ ಎಲೆಗಳ ನಡುವೆ ಅಡಗಿ ಕೂತೆ.

ಕೊಂಬೆಯ ತುದಿಯಲ್ಲಿ ನಾಲ್ಕೈದು ಎಲೆ ಸೇರಿಸಿ ಹೊಲಿದ ಹಾಗೆ ಒಂದು ಉಂಡೆ ಇತ್ತು. ಅಂಚಿನಲ್ಲಿ ಬಿಳಿ ನೂಲಿನಂಥ ಅಂಟು. ಬಲಗಣ್ಣಿಗೆ ಬೀಳುವಷ್ಟರಲ್ಲಿ ಅದರೊಳಗಿನವರು ನನ್ನ ಅಂಗಿಯೊಳಗೆ ಬಂದಾಗಿತ್ತು. ಚಗಳಿ! ಈ ಕೆಂಪಿರುವೆ ಸುಮ್ನೆ ಕಚ್ಚಿ ಬಿಡುವುದಿಲ್ಲ, ಕಚ್ಚಿದ ಜಾಗಕ್ಕೆ ಹೊಟ್ಟೆ ಬಗ್ಗಿಸಿ ಹುಳಿಯನ್ನೂ ಸಿಂಪಡಿಸುತ್ತದೆ. ಮೊದಲು ಹಾರಿದ್ದು ತಮ್ಮಂದಿರು. ನಾನೂ ದಡಕ್ಕೆ ಹಾರಿದೆ. ಒಂದೇ ಕಣ್ಣಿಗೆ ದಡ ಎಷ್ಟು ದೂರ ಅಂತ ಅಂದಾಜು ಸಿಗಬೇಕಲ್ಲ? ದೋಣಿಗೂ ದಡಕ್ಕೂ ನಡುವಿನ ಕೆಸರಲ್ಲಿ ಸೊಂಟದವರೆಗೆ ಇಳಿದೆ. ಟವೆಲ್ ಹೊಳೆ ಪಾಲಾಯಿತು. ವಿಡಿಯೋದಲ್ಲಿ ಉಳಿದದ್ದು ಹನ್ನೊಂದು ಸೆಕೆಂಡ್, ಬರೀ ಅಯ್ಯೋ ಅಯ್ಯೋ.

ಸಂಜೆ ಅಮ್ಮ ಬೆನ್ನಿಗೆ ತೆಂಗಿನೆಣ್ಣೆ ಹಚ್ಚುತ್ತಾ ಟವೆಲ್ಲಿನ ಲೆಕ್ಕ ಕೇಳುತ್ತಿದ್ದರು. ಅಜ್ಜ ಬಲೆಯಿಂದ ತಲೆ ಎತ್ತಿದರು.

‘ತಮ್ಮಾ, ಆ ತಿಮ್ಮೋಜ ಯಾವ ಮರದ ಕೊಂಬೆ ಹಾಕಿದ್ದ?’

‘ಗೊತ್ತಿಲ್ಲ ಅಜ್ಜ. ಬರೆದಿಲ್ಲ.’

‘ಮಾವಿಂದೇ ಇರ್ಬೇಕು’ ಅಂದರು. ಮತ್ತೊಂದು ಗಂಟು ಬಿಗಿದರು. ‘ಹೊನ್ನಾವರದವರು ಫಿರಂಗಿಗೆ ಓಡೋ ಪೈಕಿ ಅಲ್ಲ.’