ಬಾಡಿಗೆ ಮನೆ ಅಡುಗೆ ಕಟ್ಟೆಗೆ ದಯವಿಟ್ಟು ಮಾರ್ಬಲ್ ಹಾಕಿಸ್ಬೇಡಿ

ನಮ್ಮ ಮೇಲಿನ ಮನೆಯವ್ರು ಹೋದ ವಾರ ಖಾಲಿ ಮಾಡಿದ್ರು. ಅಡುಗೆಮನೆಗೆ ಹೋಗಿ ನೋಡಿದ್ರೆ ಬಿಳಿ ಮಾರ್ಬಲ್ ಕಟ್ಟೆ ಮೇಲೆ ಅರಿಶಿನದ ಕಲೆ, ಸಿಂಕ್ ಪಕ್ಕ ಹುಣಸೆಹಣ್ಣು ಕಿವುಚೋ ಜಾಗ ಪೂರ್ತಿ ಮಂಕಾಗಿದೆ. ಅಡ್ವಾನ್ಸಲ್ಲಿ ಹಿಡ್ಕೊ ಅಂದ್ರು ನಮ್ಮ ಭಾವ. ನಂಗೆ ಮನಸ್ಸು ಒಪ್ಲಿಲ್ಲ. ದಿನಾ ಸಾರು ಕುದಿಯೋ ಮನೆಗೆ ಆ ಕಲ್ಲು ತಂದು ಹಾಕ್ಸಿದ್ದು ನಾನು, ಅವ್ರಲ್ಲ. ಪೂರ್ತಿ ವಾಪಸ್ ಕೊಟ್ಟೆ.

ಮಾರ್ಬಲ್ ಇರ್ಲಿ ಕಡಪ ಕಲ್ಲಿರ್ಲಿ, ಎರಡೂ ಸುಣ್ಣದ ಜಾತಿ ಕಲ್ಲು, ನಿಂಬೆಹುಳಿ ಹುಣಸೆಹುಳಿ ಬಿದ್ರೆ ಹುಳಿ ಆ ಕಲ್ಲನ್ನೇ ತಿಂದು ಹೊಳಪು ತೆಗೆಯುತ್ತೆ, ಅದು ಕೊಳೆ ಅಲ್ವೇ ಅಲ್ಲ, ಎಷ್ಟು ಉಜ್ಜಿದ್ರೂ ಹೋಗಲ್ಲ, ಮತ್ತೆ ಪಾಲಿಶ್ ಮಾಡಿಸ್ಬೇಕು. ಹಾಗಾಗಿ ಅಗ್ಗ ಅಂತ ಮೇಲ್ಗಡೆ ಕಡಪ ಬೇಡ, ಕಟ್ಟೆ ಕೆಳಗೆ ಡಬ್ಬ ಇಡೋ ಅಂತಸ್ತುಗಳಿಗೆ ಹಾಕ್ಸಿ, ಅಲ್ಲಿಗೆ ಅದು ಧಾರಾಳ ಸಾಕು. ಕ್ವಾರ್ಟ್ಜ್ ನೋಡೋಕೆ ಚೆನ್ನ, ಆದ್ರೆ ಅದ್ರಲ್ಲಿ ರೆಸಿನ್ ಅನ್ನೋ ಪ್ಲಾಸ್ಟಿಕ್ ಥರದ ಅಂಟು ಇರುತ್ತೆ, ಒಲೆಯಿಂದ ಇಳಿಸಿದ ಬಾಣಲೆ ಹಾಗೇ ಇಟ್ರೆ ಗುರುತು ಬೀಳುತ್ತೆ. ಬಾಡಿಗೆಗೆ ಬಂದವ್ರು ನಮ್ಮ ಕಲ್ಲಿಗೆ ಹೆದರ್ಕೊಂಡು ಅಡುಗೆ ಮಾಡ್ಬೇಕಾ?

ಗ್ರಾನೈಟೇ ಸರಿ. ಅದ್ರಲ್ಲೂ ಅಚ್ಚ ಕಪ್ಪು ಬೇಡ, ಬೋರ್‌ವೆಲ್ ನೀರು ಒಣಗಿ ಬಿಳಿ ಬಿಳಿ ಗುರುತು ಎದ್ದು ಕಾಣುತ್ತೆ. ಕರೀಂನಗರದ ಕಡೆಯಿಂದ ಬರೋ ಟ್ಯಾನ್ ಬ್ರೌನ್ ಥರದ ಚುಕ್ಕೆ ಕಲ್ಲು ತಗೊಳ್ಳಿ, ನಾನೂ ಈ ಸಲ ಅದನ್ನೇ ಆರಿಸಿದ್ದೀನಿ.

ದುಡ್ಡಿನ ಲೆಕ್ಕ ನೋಡಿ. ನಮ್ಮ ಕಟ್ಟೆ 12 ಅಡಿ ಉದ್ದ, 2 ಅಡಿ ಅಗಲ, ಅಂದ್ರೆ 24 ಚದರಡಿ. ಅಗ್ಗದ ಕಲ್ಲಿಗಿಂತ ಚದರಡಿಗೆ 100 ರೂಪಾಯಿ ಜಾಸ್ತಿ ಕೊಟ್ರೂ ಒಟ್ಟು ವ್ಯತ್ಯಾಸ 2,400 ಅಷ್ಟೆ. ಕಟಿಂಗು, ಅಂಚಿನ ಮೋಲ್ಡಿಂಗು, ಮೇಸ್ತ್ರಿ ಕೂಲಿ ಯಾವ ಕಲ್ಲು ತಂದ್ರೂ ಕೊಡ್ಲೇಬೇಕು, ಹಳೇದು ಕಿತ್ತು ಹಾಕ್ಸೋದಾದ್ರೆ ಗೋಡೆ ಟೈಲ್ಸೂ ಒಡೆಯುತ್ತೆ, ನಂಗೀಗ ಅದೇ ಆಗಿರೋದು.

ಇನ್ನೊಂದು, ಸಿಂಕ್ ಹತ್ರ ಜಾಯಿಂಟ್ ಬರದ ಹಾಗೆ ಸ್ಲ್ಯಾಬ್ ಕೊಯ್ಸಿ. ಮುಂದಿನ ಅಂಚಿನ ಅಡಿಭಾಗದಲ್ಲಿ ಉದ್ದಕ್ಕೂ ಒಂದು ಸಣ್ಣ ಗೀರು ಹೊಡಿಸ್ಬಿಡಿ, ಪಾತ್ರೆ ತೊಳೆದ ನೀರು ಒಳಗೆ ಹರಿದು ಮರದ ಬಾಗಿಲಿಗೆ ಇಳಿಯಲ್ಲ.

ಗುರುವಾರ ಕಲ್ಲು ಬರುತ್ತೆ. ಅದು ಕೂತ ಮೇಲೇ ಟು-ಲೆಟ್ ಬೋರ್ಡ್ ಹಾಕೋದು.