ಜೋಡಿ ಸೋಫಾದ ಸಾಧಕ

ಸಾಧಕರನ್ನು ಕೂರಿಸಿ, ಅವರ ಹಳೇ ಪರಿಚಯದವರನ್ನೆಲ್ಲ ಕರೆಸಿ ಮಾತಾಡಿಸುವ ಜೀ ಕನ್ನಡದ ‘ವೀಕೆಂಡ್ ವಿತ್ ರಮೇಶ್’ನ ಆ ಕೆಂಪು ಕುರ್ಚಿಯಲ್ಲಿ ಮನಸ್ಸಿನಲ್ಲೇ ಒಮ್ಮೆಯಾದರೂ ಕೂತು ಎದ್ದು ಬಾರದವರು ನಮ್ಮಲ್ಲಿ ಕಡಿಮೆ. 2014ರಲ್ಲಿ ಪುನೀತ್ ರಾಜ್‌ಕುಮಾರ್ ಮೊದಲ ಅತಿಥಿಯಾಗಿ ಕೂತರು. ಅಂದಿನಿಂದ ಎಲ್ಲರಿಗೂ ಒಂದೇ ಚಿಂತೆ. ನಮ್ಮನ್ನು ಕರೆದರೆ ಪ್ರೈಮರಿ ಸ್ಕೂಲಿನ ಮೇಷ್ಟ್ರನ್ನು ಎಲ್ಲಿಂದ ಹುಡುಕಿ ತರುತ್ತಾರೆ? ಬಂದವರು ಸುಮ್ನೆ ಹೊಗಳಿ ಹೋಗದೆ ಲೆಕ್ಕದ ಮಾರ್ಕ್ಸ್ ಹೇಳಿಬಿಟ್ಟರೆ?

2023ರ ಐದನೇ ಸೀಸನ್ನಿಗೆ ನಟ ದತ್ತಣ್ಣ ಬಂದಾಗ ನಮ್ಮ ಚಿಕ್ಕಪ್ಪ ಟೀವಿ ಮುಂದಿನಿಂದ ಅಲ್ಲಾಡಲಿಲ್ಲ. ಚಿತ್ರದುರ್ಗದ ಹುಡುಗ, ವಾಯುಸೇನೆಯಲ್ಲಿ ದೊಡ್ಡ ಹುದ್ದೆ, 45 ದಾಟಿದ ಮೇಲೆ ಸಿನಿಮಾ, 75 ದಾಟಿದ ಮೇಲೆ ಹಿಂದಿಯ ‘ಮಿಷನ್ ಮಂಗಲ್’. ಬಸ್ ಕಂಡಕ್ಟರ್ ಕೆಲಸದಿಂದ ಇನ್ನೇನು ರಿಟೈರ್ ಆಗುವುದರಲ್ಲಿದ್ದ ಚಿಕ್ಕಪ್ಪನಿಗೆ ಹುರುಪು ಬಂತು. “ನೋಡೇ, ಮನುಷ್ಯನ ಆಟ ಶುರುವಾಗೋದೇ ರಿಟೈರ್ ಆದಮೇಲೆ” ಅಂದರು. ಚಿಕ್ಕಮ್ಮ ಸೊಪ್ಪು ಬಿಡಿಸುತ್ತಲೇ, “ಅವರು ಮದುವೆ ಆಗಿಲ್ಲ. ಹೇಳೋರು ಕೇಳೋರು ಯಾರಿದ್ದಾರೆ?” ಅಂದರು.

ಇದನ್ನೆಲ್ಲ ಕೇಳಿಸಿಕೊಂಡ ಚಿಕ್ಕಪ್ಪನ ಮಗ, ರಿಟೈರ್‌ಮೆಂಟ್ ದಿನ ಮನೆಯಲ್ಲೇ ಅಂಥದ್ದೊಂದು ಕಾರ್ಯಕ್ರಮ ಮಾಡೋಣ ಅಂದ. ನಿರೂಪಕ ಅವನೇ. ಪರದೆಗೆ ಬೆಡ್‌ಶೀಟ್. ಕೆಂಪು ಕುರ್ಚಿಗೆ ಶಾಮಿಯಾನದವರಿಗೆ ಹೇಳಿದ್ದಾಯಿತು. ಒಂಟಿ ಕುರ್ಚಿ ಎಲ್ಲೋ ಆರತಕ್ಷತೆಗೆ ಹೋಗಿತ್ತಂತೆ. ಅವರು ಕಳಿಸಿದ್ದು ಮದುಮಕ್ಕಳು ಕೂರುವ ಜೋಡಿ ಸೋಫಾ, ಎರಡೂ ಕಡೆ ಚಿನ್ನದ ಬಣ್ಣದ ನವಿಲು. ಅಷ್ಟಗಲದ ಸೋಫಾದಲ್ಲಿ ಒಬ್ಬರೇ ಕೂತರೆ ಚೆನ್ನಾಗಿರಲ್ಲ ಅಂತ ಅತ್ತೆಯರೆಲ್ಲ ಸೇರಿ ಚಿಕ್ಕಮ್ಮನನ್ನೂ ಕೂರಿಸಿದರು.

ಟೀವಿಯವರು ಸಾಧಕರನ್ನು ಒಬ್ಬರನ್ನೇ ಯಾಕೆ ಕೂರಿಸುತ್ತಾರೆ ಅಂತ ನನಗೆ ಅರ್ಥವಾಗಿದ್ದು ಆವತ್ತು. ಅಲ್ಲಿ ಹೆಂಡತಿ ಬರುವಷ್ಟರಲ್ಲಿ ಸಾಧಕರು ಬಾಲ್ಯ, ಕಷ್ಟ, ಹಸಿವು ಎಲ್ಲ ಹೇಳಿ ಮುಗಿಸಿರುತ್ತಾರೆ. ಇಲ್ಲಿ ಹಾಗಲ್ಲ. “ದಿನಾ ಐದು ಮೈಲಿ ನಡೆದು ಸ್ಕೂಲಿಗೆ ಹೋಗ್ತಿದ್ದೆ” ಅಂತ ಚಿಕ್ಕಪ್ಪ ಬಾಯಿ ತೆರೆದರು. “ಸ್ಕೂಲು ನಿಮ್ಮನೆ ಹಿತ್ತಲಿಗೇ ಅಂಟಿಕೊಂಡಿದೆಯಲ್ರೀ” ಅಂತ ಪಕ್ಕದಿಂದಲೇ ತಿದ್ದುಪಡಿ ಬಂತು. ಮೈಕ್ ಇದ್ದಿದ್ದು ಒಂದೇ. ಅದೂ ಚಿಕ್ಕಮ್ಮನ ಕಡೆಗೇ ವಾಲಿಕೊಂಡಿತ್ತು.

ಇಂಥ ಕಾರ್ಯಕ್ರಮಗಳಿಗೆಲ್ಲ ಹಿರಿಯಣ್ಣ ಅಂದರೆ 1952ರಲ್ಲಿ ಅಮೆರಿಕದ ಟೀವಿಗೆ ಬಂದ ‘ದಿಸ್ ಈಸ್ ಯುವರ್ ಲೈಫ್’. ಬ್ರಿಟನ್ನಿನಲ್ಲೂ ಅದು ಬರುತ್ತಿತ್ತು. ಅಲ್ಲಿ 1961ರಲ್ಲಿ ಫುಟ್‌ಬಾಲ್ ಆಟಗಾರ ಡ್ಯಾನಿ ಬ್ಲಾಂಚ್‌ಫ್ಲವರ್ ನನಗಿದು ಬೇಡವೇ ಬೇಡ ಅಂತ ಎದ್ದು ಹೊರಟೇಬಿಟ್ಟರು. ಪುಣ್ಯವಂತ. ನಮ್ಮ ಚಿಕ್ಕಪ್ಪನ ಶಲ್ಯದ ತುದಿ ಚಿಕ್ಕಮ್ಮನ ಕೆಳಗೆ ಸಿಕ್ಕಿಕೊಂಡಿತ್ತು.

ಆಮೇಲೆ ಬಂತು ಸರ್‌ಪ್ರೈಸ್. ಬೆಡ್‌ಶೀಟಿನ ಹಿಂದಿನಿಂದ “ರೈಟ್... ರೈಟ್!” ಅಂತ ಗಡಸು ದನಿ. “ಯಾರಿದು, ಹೇಳಿ ನೋಡೋಣ?” ಅಂದ ನಿರೂಪಕ. ಚಿಕ್ಕಪ್ಪ ಗಾಬರಿಯಾಗಿ, “ಚೆಕಿಂಗ್‌ನೋರಾ?” ಅಂದರು. ಅಲ್ಲ. “ಡಿಪೋ ಮ್ಯಾನೇಜರ್ರಾ?” ಅಲ್ಲ. “ಕ್ಯಾಂಟೀನ್ ಭಟ್ರಾ?” ಬೆಡ್‌ಶೀಟ್ ಸರ್ರನೆ ಸರಿಯಿತು. ಬೆಂಗಳೂರು–ತುಮಕೂರು ಬಸ್ಸಿನಲ್ಲಿ ವರ್ಷಗಟ್ಟಲೆ ಜೊತೆಗಿದ್ದ ಡ್ರೈವರ್ರು ಹಾರ ಹಿಡಿದು ನಿಂತಿದ್ದರು, ಮುಖ ಊದಿಸಿಕೊಂಡು.

“ಭಟ್ರ ಗುರುತು ಐತೆ, ನನ್ನ ಗುರುತಿಲ್ಲ” ಅಂತ ಮೈಕ್ ಕಿತ್ತುಕೊಂಡರು. “ಕ್ಯಾತ್ಸಂದ್ರದಲ್ಲಿ ಇವರು ರೈಟ್ ಅಂದ್ರು, ನಾನು ಗಾಡಿ ಎತ್ತಿದೆ. ತುಮಕೂರು ಸ್ಟ್ಯಾಂಡಲ್ಲಿ ನೋಡಿದ್ರೆ ಕಂಡಕ್ಟರೇ ಇಲ್ಲ! ತಟ್ಟೆ ಇಡ್ಲಿ ತಿಂತಾ ಹೋಟೆಲ್ ಬಾಗಿಲಲ್ಲೇ ನಿಂತ್ಕಂಡು ರೈಟ್ ಅಂದಿದ್ರು!”

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಚಿಕ್ಕಮ್ಮ ನಗಲಿಲ್ಲ. “ಆವತ್ತು ಪಂಕ್ಚರ್ ಆಗಿತ್ತು, ಅದಕ್ಕೇ ಲೇಟಾಯ್ತು ಅಂದಿದ್ರಿ ಅಲ್ವಾ?”

ನಿರೂಪಕ ಚುರುಕಿನವನು. “ಈಗೊಂದು ಚಿಕ್ಕ ಬ್ರೇಕ್” ಅಂದ.

“ಬ್ರೇಕೂ ಇಲ್ಲ, ಗೀಕೂ ಇಲ್ಲ” ಅಂದರು ಚಿಕ್ಕಮ್ಮ. ಡ್ರೈವರ್ ಕಡೆ ತಿರುಗಿ, “ಕೂತ್ಕೊಳ್ಳಿ ಅಣ್ಣ. ಇನ್ನೂ ಏನೇನಿದೆ ಹೇಳಿ” ಅಂತ ಚಿಕ್ಕಪ್ಪನನ್ನು ನವಿಲಿನ ಕಡೆಗೆ ಒತ್ತರಿಸಿ ಜಾಗ ಮಾಡಿಕೊಟ್ಟರು.