ಪರದೆಯ ಈಚೆಗಿನ ಚೀಟಿ

ಆನ್‌ಲೈನ್ ಮೀಟಿಂಗಿನಲ್ಲಿ ಯಾರಾದರೂ ನೋಟ್ಸ್ ಓದುತ್ತಿದ್ದರೆ ಕಂಡುಹಿಡಿಯೋದು ಕಷ್ಟವೇ ಅಲ್ಲ. ಕಣ್ಣು ಎಡದಿಂದ ಬಲಕ್ಕೆ ಹೋಗುತ್ತದೆ, ಪಟ್ ಅಂತ ವಾಪಸ್ ಎಡಕ್ಕೆ ಬರುತ್ತದೆ. "ಏನಪ್ಪಾ ಅಂದ್ರೆ", "ಗೊತ್ತಾಯ್ತಲ್ವಾ" ಎಲ್ಲಾ ಮಾಯ. ನಿನ್ನೆ ಫೋನಿನಲ್ಲಿ ಒಂದು ಗಂಟೆ ಹರಟೆ ಹೊಡೆದ ಮನುಷ್ಯ ಇವತ್ತು "ಈ ನಿಟ್ಟಿನಲ್ಲಿ ಸೂಕ್ತ ಕ್ರಮಗಳನ್ನು ಕೈಗೊಳ್ಳಲಾಗುವುದು" ಅಂತ ಶುರು ಮಾಡಿದರೆ ಮುಗೀತು, ಗೊತ್ತಾಗಿಹೋಯಿತು. ಮುಖ ಕೂಡ ಪರೀಕ್ಷೆ ಹಾಲ್‌ನಲ್ಲಿ ಚೀಟಿ ಇಟ್ಟುಕೊಂಡವನ ಹಾಗೆ ಆಗಿಬಿಟ್ಟಿರುತ್ತದೆ.

ನನಗೆ ಅರ್ಥವಾಗದ್ದು ಆ ನಾಚಿಕೆ. ಸ್ಲೈಡಿನ ಕೆಳಗೆ ನೋಟ್ಸ್ ಬರೆಯೋ ಜಾಗ ಯಾರೋ ಕದ್ದುಮುಚ್ಚಿ ಮಾಡಿದ್ದಲ್ಲ. ಪವರ್‌ಪಾಯಿಂಟ್ 1987ರಲ್ಲಿ ಮೊದಲು ಮ್ಯಾಕ್ ಕಂಪ್ಯೂಟರಿಗೆ ಬಂದಾಗಲೇ ಮಾತಾಡುವವರಿಗೆ ಅಂತ ನೋಟ್ಸಿನ ಪುಟ ಇತ್ತು. ಅದಕ್ಕೂ ಮೊದಲು, 1952ರಲ್ಲಿ, ಅಮೆರಿಕದ ಮಾಜಿ ಅಧ್ಯಕ್ಷ ಹರ್ಬರ್ಟ್ ಹೂವರ್ ಷಿಕಾಗೋದ ಪಕ್ಷದ ಸಮಾವೇಶದಲ್ಲಿ ಭಾಷಣದ ಸಾಲುಗಳನ್ನು ಎದುರಿಗೇ ತೋರಿಸುವ ಟೆಲಿಪ್ರಾಂಪ್ಟರ್ ನೋಡಿಕೊಂಡೇ ಭಾಷಣ ಮಾಡಿದ್ದರು. ಅಷ್ಟು ದೂರ ಯಾಕೆ, ನಮ್ಮ ನಾಟಕಗಳಲ್ಲಿ ಸೈಡ್‌ವಿಂಗಿನಲ್ಲಿ ನಿಂತು ಮಾತು ಎತ್ತಿಕೊಡೋರು ಇರುತ್ತಾರಲ್ಲ, ಮುಂದಿನ ಸಾಲಿನವರಿಗೆ ಅವರ ದನಿ ಎಷ್ಟೋ ಸಲ ಕೇಳಿಸಿಬಿಡುತ್ತದೆ, ಅದಕ್ಕೆ ಅಂತ ಯಾರೂ ಟಿಕೆಟ್ ದುಡ್ಡು ವಾಪಸ್ ಕೇಳೋದಿಲ್ಲ.

ಕಷ್ಟ ಇರೋದು ಮನೆಯ ಒಂಟಿ ಲ್ಯಾಪ್‌ಟಾಪಿನಲ್ಲಿ. ಸಭಾಂಗಣದಲ್ಲಾದರೆ ಪ್ರೊಜೆಕ್ಟರಿಗೆ ಸ್ಲೈಡ್, ಎದುರಿನ ಲ್ಯಾಪ್‌ಟಾಪಿಗೆ ನೋಟ್ಸ್, ಎರಡು ಪರದೆ, ತಲೆನೋವಿಲ್ಲ. ಮನೆಯಲ್ಲಿ ಇರೋದೇ ಒಂದು. ಪೂರ್ತಿ ಸ್ಕ್ರೀನ್ ಶೇರ್ ಮಾಡಿದರೆ ನೋಟ್ಸೂ ಊರಿಗೆಲ್ಲ ಕಾಣುತ್ತದೆ. ದಾರಿಗಳಿವೆ ಬಿಡಿ. ಟೀಮ್ಸ್‌ನಲ್ಲಿ ಪವರ್‌ಪಾಯಿಂಟ್ ಲೈವ್ ಅಂತ ಇದೆ, ಅದರಲ್ಲಿ ನೋಟ್ಸ್ ನಮಗೆ, ಸ್ಲೈಡ್ ಮಾತ್ರ ಉಳಿದವರಿಗೆ. ಗೂಗಲ್ ಮೀಟ್‌ನಲ್ಲೂ ಗೂಗಲ್ ಸ್ಲೈಡ್ಸ್ ತೋರಿಸುವಾಗ ಇಂಥದೇ ಏರ್ಪಾಡು ಕೆಲವು ಖಾತೆಗಳಿಗೆ ಸಿಗುತ್ತದೆ. ಝೂಮ್ ಆದರೆ ಸ್ಲೈಡ್ ಶೋವನ್ನು ಒಂದು ವಿಂಡೋ ಒಳಗೆ ಓಡಿಸಿ, ಆ ವಿಂಡೋ ಒಂದನ್ನೇ ಶೇರ್ ಮಾಡಬೇಕು. ಇದ್ಯಾವುದೂ ಬೇಡ ಅನ್ನೋರು ಫೋನನ್ನು ಸ್ಕ್ರೀನಿಗೆ ಒರಗಿಸಿ ಇಟ್ಟುಕೊಳ್ಳುತ್ತಾರೆ, ಸರಿಯಾಗಿ ಮುಖ್ಯವಾದ ಜಾಗಕ್ಕೆ ಬಂದಾಗ ಅದರಲ್ಲೊಂದು ಕಾಲ್ ಬರುತ್ತದೆ.

ನನ್ನ ಪರಿಚಯದವರೊಬ್ಬರು ಅವಸರದಲ್ಲಿ ಪೂರ್ತಿ ಸ್ಕ್ರೀನ್ ಶೇರ್ ಮಾಡಿದ್ದರು. ಆರನೇ ಸ್ಲೈಡಿನ ನೋಟ್ಸ್ ಹೀಗಿತ್ತು: "ತಡ ಯಾಕಾಯ್ತು ಅಂತ ಕೇಳಿದ್ರೆ, ಮುಂದಿನ ವಾರ ವಿವರ ಕೊಡ್ತೀವಿ ಅಂತ ಹೇಳಿ ಜಾರಿಕೊಳ್ಳೋದು." ಒಂದು ಕ್ಷಣ ಎಲ್ಲರೂ ಸುಮ್ಮನಿದ್ದರು. ಆಮೇಲೆ ಮೇಲಧಿಕಾರಿ ಮೈಕ್ ಆನ್ ಮಾಡಿ ತುಂಬಾ ಮರ್ಯಾದೆಯಿಂದ ಕೇಳಿದರು, "ಅಂದಹಾಗೆ, ತಡ ಯಾಕಾಯ್ತು?"

ಕಣ್ಣಿನದು ಇನ್ನೊಂದು ಕಥೆ. ಕ್ಯಾಮೆರಾ ಇರೋದು ಸ್ಕ್ರೀನಿನ ತುದಿಯಲ್ಲಿ, ನೋಟ್ಸ್ ಇರೋದು ಅದಕ್ಕಿಂತ ಎಷ್ಟೋ ಕೆಳಗೆ. ನೋಟ್ಸಿನ ವಿಂಡೋವನ್ನು ಸಣ್ಣದು ಮಾಡಿ, ಸಾಲುಗಳನ್ನು ಗಿಡ್ಡ ಮಾಡಿ, ಕ್ಯಾಮೆರಾದ ಕೆಳಗೇ ತಂದಿಟ್ಟರೆ ಅರ್ಧ ಸಮಸ್ಯೆ ಹೋಯಿತು. ಉಳಿದರ್ಧಕ್ಕೂ ಯಂತ್ರ ಬಂದಿದೆ. ಎಲ್ಲಿ ನೋಡುತ್ತಿದ್ದರೂ ಕಣ್ಣು ಕ್ಯಾಮೆರಾ ಕಡೆಗೇ ಇದೆ ಅಂತ ತೋರಿಸುವ ಸೌಲಭ್ಯವನ್ನು ಚಿಪ್ ಕಂಪನಿ ಎನ್‌ವಿಡಿಯಾ 2023ರ ಜನವರಿಯಲ್ಲಿ ಬಿಟ್ಟಿತು. ನನಗೆ ಅದು ಇಷ್ಟವಾಗಲಿಲ್ಲ. ಇಪ್ಪತ್ತು ನಿಮಿಷ ಒಬ್ಬರು ನಮ್ಮನ್ನೇ ದಿಟ್ಟಿಸಿ ನೋಡಿದರೆ ಮನೆಯಲ್ಲೇ ಕೂತಿದ್ದರೂ ಒಂಥರಾ ಆಗುತ್ತದೆ. ಕನ್ನಡಕದವರಿಗೆ ಇನ್ನೊಂದು ಚಿಂತೆ. ಕನ್ನಡಕದ ಗಾಜಿನಲ್ಲಿ ಮೂಡುವ ಸ್ಕ್ರೀನಿನ ದೊಡ್ಡ ಅಕ್ಷರಗಳನ್ನು ಸಾಧಾರಣ ವೆಬ್‌ಕ್ಯಾಮ್ ಚಿತ್ರದಿಂದಲೇ ಓದಬಹುದು ಅಂತ 2022ರಲ್ಲಿ ಸಂಶೋಧಕರು ತೋರಿಸಿದ್ದಾರೆ. ಅಷ್ಟು ಕಷ್ಟಪಟ್ಟು ನಮ್ಮ ನೋಟ್ಸ್ ಓದೋರು ಇದ್ದರೆ ಓದಿಕೊಳ್ಳಲಿ ಪಾಪ, ಸ್ಲೈಡನ್ನೇ ಯಾರೂ ಓದೋದಿಲ್ಲ.

ಅಸಲಿಗೆ ವಿಷಯ ಇರೋದು ಎಲ್ಲಿ ಇಡಬೇಕು ಅನ್ನೋದರಲ್ಲಲ್ಲ, ಏನು ಬರೆಯಬೇಕು ಅನ್ನೋದರಲ್ಲಿ. ಪೂರ್ತಿ ಪೂರ್ತಿ ಬರೆದಿಟ್ಟರೆ ಓದದೇ ಇರೋಕೆ ಆಗೋದಿಲ್ಲ. ಅದರಲ್ಲೂ ಕನ್ನಡದಲ್ಲಿ, ಮಾತಾಡುವಾಗ "ಮಾಡ್ತೀವಿ" ಅನ್ನೋರು ಬರೆಯೋಕೆ ಕೂತರೆ "ಮಾಡಲಾಗುತ್ತದೆ" ಆಗಿಬಿಡುತ್ತದೆ, ಆಮೇಲೆ ಅದನ್ನು ನೋಡಿಕೊಂಡು ಬಾಯಿಬಿಟ್ಟರೆ ಸರ್ಕಾರಿ ಪ್ರಕಟಣೆಯೇ ಹೊರಗೆ ಬರೋದು.

ನನ್ನ ಗೆಳತಿಯೊಬ್ಬಳದು ಬೇರೆ ದಾರಿ. ಅವಳು ವಿದೇಶದ ಗ್ರಾಹಕರಿಗೆ ಇಂಗ್ಲಿಷಿನಲ್ಲಿ ಪ್ರೆಸೆಂಟ್ ಮಾಡಬೇಕು, ಆದರೆ ನೋಟ್ಸ್ ಬರೆದುಕೊಳ್ಳೋದು ಅಚ್ಚ ಆಡುಗನ್ನಡದಲ್ಲಿ. ಒಂದು ಸಲ ತೋರಿಸಿದಳು. "ಇಲ್ಲಿ ನಿಧಾನ ಕಣೇ." ಅದರ ಮುಂದಿನದಕ್ಕೆ, "ಖರ್ಚಿನ ಮಾತು ನೀನಾಗೇ ಎತ್ತಬೇಡ." ಆಮೇಲೆ, "ನೀರು ಕುಡಿ. ಅಷ್ಟರಲ್ಲಿ ಯಾರಾದ್ರೂ ಏನಾದ್ರೂ ಕೇಳ್ತಾರೆ." ಅಂಕಿಗಳಿದ್ದ ಕಡೆ ಅಂಕಿ, ಕಷ್ಟದ ಹೆಸರಿದ್ದ ಕಡೆ ಅದನ್ನು ಉಚ್ಚರಿಸೋದು ಹೇಗೆ ಅಂತ ಕನ್ನಡ ಅಕ್ಷರದಲ್ಲಿ. ಅಷ್ಟೇ. ಇದನ್ನು ಓದಿ ಹೇಳೋಣ ಅಂದರೂ ಆಗೋದಿಲ್ಲ, ಯಾಕಂದರೆ ಆ ಕಡೆ ಇರೋರಿಗೆ ಕನ್ನಡ ಬರೋದಿಲ್ಲ. ಹಾಗಾಗಿ ಅವಳು ಮಾತೇ ಆಡಬೇಕು. ಚೆನ್ನಾಗಿಯೂ ಆಡುತ್ತಾಳೆ. ತಪ್ಪಿ ಪೂರ್ತಿ ಸ್ಕ್ರೀನ್ ಶೇರ್ ಆದರೂ ಗಾಬರಿಯಿಲ್ಲ ಅನ್ನೋದು ಅವಳ ವಾದ. ಆ ಕಡೆಯೂ ಒಬ್ಬರು ಹಾಸನದವರೋ ದಾವಣಗೆರೆಯವರೋ ಇದ್ದೇ ಇರುತ್ತಾರೆ ಅಂತ ನಾನು ಹೇಳಿದೆ, ಕೇಳಲಿಲ್ಲ.

ಇಷ್ಟೆಲ್ಲ ಜೋಪಾನ ಮಾಡಿದವರೂ ಮೀಟಿಂಗ್ ಮುಗಿದ ಮೇಲೆ ಎಡವುತ್ತಾರೆ. ಯಾರೋ "ಪಿಪಿಟಿ ಕಳಿಸ್ತೀರಾ ಸರ್" ಅಂತ ಚಾಟ್‌ನಲ್ಲಿ ಹಾಕುತ್ತಾರೆ, ಇವರು ಖುಷಿಯಿಂದ ಫೈಲನ್ನು ಹಾಗೇ ಕಳಿಸುತ್ತಾರೆ. ನೋಟ್ಸೂ ಅದರ ಜೊತೆಗೇ ಹೋಗುತ್ತದೆ. ಬರೀ ಸ್ಲೈಡುಗಳ ಪಿಡಿಎಫ್ ಮಾಡಿ ಕಳಿಸಬಹುದು. ಇಲ್ಲವೇ ಫೈಲಿನಲ್ಲಿ ಅಡಗಿರೋದನ್ನು ಹುಡುಕಿ ತೆಗೆಯೋಕೆ ಪವರ್‌ಪಾಯಿಂಟಿನಲ್ಲಿರುವ ಡಾಕ್ಯುಮೆಂಟ್ ಇನ್‌ಸ್ಪೆಕ್ಟರಿನಲ್ಲಿ ನೋಟ್ಸ್ ಎಲ್ಲಾ ಒಟ್ಟಿಗೆ ಅಳಿಸಬಹುದು, ಮೊದಲು ಒಂದು ಕಾಪಿ ಇಟ್ಟುಕೊಂಡು. ಯಾರೂ ಮಾಡೋದಿಲ್ಲ. ನಾನಂತೂ ಬಂದ ಫೈಲ್ ತೆರೆದ ಕೂಡಲೇ ನೋಡೋದು ಸ್ಲೈಡನ್ನಲ್ಲ, ಅದರ ಕೆಳಗಿನ ಜಾಗವನ್ನು. ಜಾಸ್ತಿ ಸಲ ಖಾಲಿ ಇರುತ್ತದೆ. ಮೊನ್ನೆ ಒಂದರಲ್ಲಿ ಮಾತ್ರ "ಈ ಗ್ರಾಫ್ ಬೇಗ ದಾಟು, ನಂಗೂ ಅರ್ಥ ಆಗಿಲ್ಲ" ಅಂತಿತ್ತು, ಆ ಗ್ರಾಫಿನ ಬಗ್ಗೆ ಅಷ್ಟು ಖಡಾಖಂಡಿತವಾಗಿ ಮಾತಾಡಿದ್ದು ಇವರೇನಾ ಅಂತ ಇನ್ನೊಂದು ಸಲ ಹೆಸರು ನೋಡಿದೆ.